ಹರವಿ ಎತ್ತಿಡುವಷ್ಟರಲ್ಲಿ ಹೊತ್ತು ಹೋಯಿತು: ಮನೆಯಲ್ಲಿ ಚಿತ್ರಕ್ಕೊಂದು ಜಾಗ

ಪ್ರಶ್ನೆ: ನನಗೆ 38 ವರ್ಷ. ಮದುವೆಗೆ ಮುಂಚೆ ಚಿತ್ರಕಲೆಯಲ್ಲಿ ಡಿಪ್ಲೊಮಾ ಮಾಡಿದ್ದೆ. ಈಗ ಮನೆಯಿಂದಲೇ ಲೆಕ್ಕಪತ್ರದ ಕೆಲಸ. ಎರಡು ಮಲಗುವ ಕೋಣೆಗಳ ಮನೆಯಲ್ಲಿ ನಾವಿಬ್ಬರು, ಒಂಬತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು, ಅತ್ತೆ ಇದ್ದೇವೆ. ಯಜಮಾನರದ್ದು ಪಾಳಿ ಕೆಲಸ. ಕಳೆದ ವರ್ಷ ಆಸೆಪಟ್ಟು ಈಸೆಲ್ (ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡ್), ಅಕ್ರಿಲಿಕ್ ಬಣ್ಣ, ಕ್ಯಾನ್ವಾಸ್ ಎಲ್ಲ ತಂದೆ. ಈಸೆಲ್ ಮೇಲೆ ಈಗ ಟವೆಲ್ ಒಣಗುತ್ತಿವೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮುಕ್ಕಾಲು ಗಂಟೆ ಸಿಗುತ್ತದೆ, ಆದರೆ ಊಟದ ಮೇಜಿನ ಮೇಲೆ ಎಲ್ಲ ಹರವಿಕೊಳ್ಳುವಷ್ಟರಲ್ಲಿ ಸುಸ್ತಾಗಿರುತ್ತದೆ. ಹಗಲಲ್ಲಿ ಕೂತರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಐದು ನಿಮಿಷಕ್ಕೆ ಒಬ್ಬೊಬ್ಬರಾಗಿ ಬರುತ್ತಾರೆ. ಬಾಲ್ಕನಿಗೆ ಗಾಜು ಹಾಕಿಸಿ ಸ್ಟುಡಿಯೊ ಮಾಡಿಕೊಳ್ಳಲೇ? ಅಕ್ರಿಲಿಕ್ ಬೇಗ ಒಣಗಿಬಿಡುತ್ತದೆ, ಆಯಿಲ್ ಬಣ್ಣಕ್ಕೆ ಹೋಗಲೇ? ಅಥವಾ ಮಗಳು ದೊಡ್ಡವಳಾಗುವವರೆಗೆ ಎಲ್ಲ ಕಟ್ಟಿಟ್ಟುಬಿಡಲೇ? ಎಂಟು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟ ಅಕ್ರಿಲಿಕ್ ಕ್ಯಾನ್ವಾಸ್ ಒಂದು ಬೀರುವಿನ ಹಿಂದಿದೆ. ಕಣ್ಣಿಗೆ ಬಿದ್ದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಸಂಕಟ. ಅದನ್ನು ಏನು ಮಾಡಲಿ? (ಹೆಸರು ಬೇಡ; ಪತ್ರದ ಆಯ್ದ ಭಾಗ)

ಉತ್ತರ: ನಿಮ್ಮ ಪತ್ರ ಓದಿದ ದಿನವೇ ಒಂದು ಸಾಲು ಬರೆದು ಕಳಿಸಿದ್ದೆ, ನೆನಪಿರಬಹುದು: ಮೂರು ರಾತ್ರಿ ಗಡಿಯಾರ ನೋಡಿ ಬರೆದಿಡಿ, ‘ಇವತ್ತು ಕೂರೋಣ’ ಅಂದುಕೊಂಡ ಹೊತ್ತು, ಮೊದಲ ಗೆರೆ ಎಳೆದ ಹೊತ್ತು, ಕೊನೆಯ ಬ್ರಷ್ ತೊಳೆದಿಟ್ಟ ಹೊತ್ತು. ನೀವು ಪ್ರಾಮಾಣಿಕವಾಗಿ ಬರೆದು ಕಳಿಸಿದಿರಿ. ಅದರಲ್ಲಿ ಎರಡನೆಯ ರಾತ್ರಿಯ ಲೆಕ್ಕ ಹೀಗಿದೆ. 9:40ಕ್ಕೆ ಎದ್ದಿರಿ. ಮೇಜಿನ ಮೇಲಿದ್ದ ಮಗನ ಪುಸ್ತಕ, ಮಾತ್ರೆಯ ಡಬ್ಬ, ಬಿಲ್ಲುಗಳನ್ನು ಎತ್ತಿಟ್ಟು, ಹಳೆ ಪತ್ರಿಕೆ ಹಾಸಿ, ಅಟ್ಟದ ಮೇಲಿಂದ ಬಣ್ಣದ ಡಬ್ಬ ಇಳಿಸಿ, ನೀರು ತಂದು, ಪ್ಯಾಲೆಟ್‌ಗೆ ಬಣ್ಣ ಹಿಂಡಿ ಮೊದಲ ಗೆರೆ ಎಳೆದಾಗ 10:04. ಬೆಳಿಗ್ಗೆಯ ಹೊತ್ತಿಗೆ ಮೇಜು ಖಾಲಿ ಇರಬೇಕೆಂದು ಎಲ್ಲ ಎತ್ತಿಡಲು 13 ನಿಮಿಷ. ನಲವತ್ತೈದರಲ್ಲಿ ಮೂವತ್ತೇಳು ಹೋಯಿತು. ಉಳಿದದ್ದು ಎಂಟು ನಿಮಿಷ.

ನಿಮ್ಮ ಕಾಯಿಲೆ ಇಲ್ಲಿದೆ. ‘ನನಗೆ ಸಮಯವೇ ಇಲ್ಲ’ ಎಂದು ಬರೆದಿದ್ದೀರಿ. ಸಮಯ ಇದೆ, ಅದನ್ನು ಮೇಜು ತಿನ್ನುತ್ತಿದೆ. ‘ನನ್ನಲ್ಲಿ ಆ ಹುಮ್ಮಸ್ಸು ಸತ್ತುಹೋಗಿದೆಯೇನೋ’ ಎಂದೂ ಬರೆದಿದ್ದೀರಿ. ಎಂಟು ನಿಮಿಷದ ಚಿತ್ರಕ್ಕಾಗಿ ಮೂವತ್ತೇಳು ನಿಮಿಷ ಸಾಮಾನು ಹೊರುವ ಹುಮ್ಮಸ್ಸು ಯಾರಲ್ಲೂ ಬಹಳ ದಿನ ಉಳಿಯುವುದಿಲ್ಲ. ಇಪ್ಪತ್ತೇಳು ವರ್ಷದಿಂದ ದೊಡ್ಡವರಿಗೆ ಚಿತ್ರ ಕಲಿಸುತ್ತಿದ್ದೇನೆ. ತರಗತಿ ಬಿಟ್ಟು ಮನೆಗೆ ಹೋದ ಮೇಲೆ ಬ್ರಷ್ ಮುಟ್ಟದವರನ್ನು ವಿಚಾರಿಸಿದಾಗಲೆಲ್ಲ ಹೆಚ್ಚುಕಮ್ಮಿ ಇದೇ ಕಥೆ ಹೊರಬಂದಿದೆ.

ಆದ್ದರಿಂದ ನಾನು ಹೇಳುವುದು ಒಂದೇ. ನಿಮಗೆ ಬೇಕಿರುವುದು ಕೋಣೆಯಲ್ಲ. ಅರ್ಧಕ್ಕೆ ನಿಂತ ಕೆಲಸ, ನಿಂತ ಹಾಗೆಯೇ ಉಳಿಯುವ ಒಂದು ಜಾಗ. ಅದು ಎರಡು ಅಡಿ ಅಗಲ, ಮೂರು ಅಡಿ ಉದ್ದ ಇದ್ದರೂ ನಡೆಯುತ್ತದೆ. ಆದರೆ ಅದನ್ನು ಯಾರೂ, ನೀವೂ ಸೇರಿ, ದಿನಾ ಖಾಲಿ ಮಾಡಬಾರದು.

ಸ್ಟುಡಿಯೊ ಇಲ್ಲದೆ ಕಲೆ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಎಲ್ಲಿಂದ ಬಂತೋ. ಇಟಲಿಯ ಚಿತ್ರಕಾರ ಜಾರ್ಜೊ ಮೊರಾಂಡಿ ಬೊಲೊನ್ಯಾ ನಗರದಲ್ಲಿ ತಂಗಿಯರ ಜೊತೆ ಇದ್ದ ಮನೆಯಲ್ಲಿ ತಾನು ಮಲಗುವ ಕೋಣೆಯಲ್ಲೇ ಬಾಟಲಿ, ಹೂಜಿ, ಡಬ್ಬಗಳನ್ನು ಜೋಡಿಸಿಕೊಂಡು ದಶಕಗಳ ಕಾಲ ಚಿತ್ರ ಬರೆದ. ಆ ಬಾಟಲಿಗಳ ಮೇಲೆ ದೂಳು ಹಾಗೆಯೇ ಕೂತಿರುತ್ತಿತ್ತು. ಜೋಡಿಸಿದ್ದು ಕದಲಬಾರದು, ಅಷ್ಟೆ. ಇನ್ನು ಬೆಲ್ಜಿಯಂನ ಚಿತ್ರಕಾರ ರೆನೆ ಮಾಗ್ರಿಟ್. ಬ್ರಸೆಲ್ಸ್‌ನ ಜೆಟ್ ಎಂಬಲ್ಲಿ 1930ರಿಂದ 1954ರವರೆಗೆ ಆತ ಇದ್ದ ಬಾಡಿಗೆ ಮನೆಯ ಹಿತ್ತಲಲ್ಲಿ ಸ್ಟುಡಿಯೊ ಇತ್ತು, ಅದು ಜಾಹೀರಾತಿನ ಕೆಲಸಕ್ಕೆ. ಚಿತ್ರ ಬರೆಯುತ್ತಿದ್ದದ್ದು ಮಾತ್ರ ಊಟದ ಕೋಣೆಯ ಮೂಲೆಯಲ್ಲಿ, ಈಸೆಲ್ ನಿಲ್ಲಿಸಿಕೊಂಡು. ನಿಮ್ಮ ಬಾಲ್ಕನಿಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ. ಆದರೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ಸಾಲ ಮಾಡಿ ಮಹಡಿಯ ಮೇಲೊಂದು ಕೋಣೆ ಕಟ್ಟಿಸಿದೆ, ದೊಡ್ಡ ಕಿಟಕಿ, ಗೋಡೆ ತುಂಬ ಕಪಾಟು. ಹದಿನಾಲ್ಕು ತಿಂಗಳಲ್ಲಿ ಅಲ್ಲಿ ಮೂರು ಚಿತ್ರ ಬರೆದೆ. ಹದಿನೆಂಟು ಮೆಟ್ಟಿಲು ಹತ್ತಬೇಕಿತ್ತು. ಹದಿನೆಂಟು ಮೆಟ್ಟಿಲು ಏನು ಮಹಾ ಅನ್ನಿಸುತ್ತದೆ, ಆದರೆ ಕೆಳಗೆ ಮಗು ಅತ್ತರೆ ಕೇಳಿಸುವುದಿಲ್ಲ ಎಂಬ ಭಯಕ್ಕೆ ಅವು ನೂರಾದವು. ಕೊನೆಗೆ ಅಡುಗೆಮನೆಯ ಪಕ್ಕದ ನಡೆಯಲ್ಲಿ ಒಂದು ಸಣ್ಣ ಮೇಜು ಹಾಕಿಕೊಂಡೆ. ಮೇಲಿನ ಕೋಣೆಯಲ್ಲಿ ಈಗ ಸೂಟ್‌ಕೇಸ್‌ಗಳಿವೆ.

ನಿಮ್ಮ ಬಾಲ್ಕನಿಗೂ ಅದೇ ಗತಿ ಬರಬಹುದು. ಈಸೆಲ್ ಮೇಲೆ ಟವೆಲ್ ಬಂದದ್ದೇಕೆ? ಮನೆಯಲ್ಲಿ ಬಟ್ಟೆ ಒಣಹಾಕಲು ಜಾಗ ಸಾಲದು. ಬಾಲ್ಕನಿಯನ್ನೂ ಮುಚ್ಚಿದರೆ ಬಟ್ಟೆಗಳು ಎಲ್ಲಿಗೆ ಹೋಗುತ್ತವೆ? ನಿಮ್ಮ ಸ್ಟುಡಿಯೊಗೇ. ಕಟ್ಟಡದ ಅನುಮತಿ, ಖರ್ಚು ಬೇರೆ. ಗಾಜಿನೊಳಗೆ ಬಿಸಿಲು ನೇರ ಬಿದ್ದರೆ ಬಿಳಿ ಕಾಗದ ಕಣ್ಣು ಕುಕ್ಕುತ್ತದೆ, ಅಕ್ರಿಲಿಕ್ ಪ್ಯಾಲೆಟ್ ಮೇಲೆಯೇ ಚರ್ಮ ಕಟ್ಟುತ್ತದೆ, ಕೆಲವು ಬಣ್ಣಗಳು ವರ್ಷದೊಳಗೆ ಮಾಸುತ್ತವೆ. ತೇವ ಹೆಚ್ಚಾದರೆ ಕಾಗದಕ್ಕೆ ಬೂಷ್ಟು. ಹಣ ಕೂಡಿಟ್ಟಿದ್ದರೆ ಒಳ್ಳೆಯ ದೀಪಕ್ಕೂ ಒಳ್ಳೆಯ ಕಾಗದಕ್ಕೂ ಹಾಕಿ.

ಹಾಗಾದರೆ ಎಲ್ಲಿ? ನಿಮ್ಮ ಮನೆಯ ನಕ್ಷೆಯನ್ನು ಪತ್ರದ ಹಿಂದೆ ಗೀಚಿದ್ದೀರಲ್ಲ, ಅದನ್ನು ನೋಡಿಯೇ ಹೇಳುತ್ತಿದ್ದೇನೆ. ನಿಮ್ಮ ಮಲಗುವ ಕೋಣೆಯ ಕಿಟಕಿಗೂ ಬೀರುವಿಗೂ ನಡುವೆ ಒಂದು ಮೀಟರಿನಷ್ಟು ಗೋಡೆ ಇದೆ. ಅಲ್ಲಿ 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದದ ಮೇಜು ಹಿಡಿಯುತ್ತದೆ. ಎ3 ಕಾಗದ ಎಂದರೆ ಸುಮಾರು 30ಕ್ಕೆ 42 ಸೆಂಟಿಮೀಟರ್. ಅದು, ಪಕ್ಕಕ್ಕೊಂದು ಟ್ರೇ, ನೀರಿನ ಎರಡು ಡಬ್ಬ, ದೀಪ, ಎಲ್ಲಕ್ಕೂ ಅಷ್ಟು ಸಾಕು. ಗೋಡೆಗೆ ಮಡಚುವ ಮೇಜು ಮಾತ್ರ ತರಬೇಡಿ. ಅಂಗಡಿಯಲ್ಲಿ ನೋಡಲು ಚೆಂದ. ಆದರೆ ಮಡಚಬೇಕಾದರೆ ಖಾಲಿ ಮಾಡಬೇಕು, ಮತ್ತೆ ಅದೇ 13 ನಿಮಿಷ.

ಮೇಜು ಹಾಕುವವರೆಗೆ, ಅಥವಾ ಮೇಜು ಹಾಕಲು ಆಗದೇ ಹೋದರೆ, ಬೋರ್ಡು ಮತ್ತು ಟ್ರೇ. ನನ್ನ ವಿದ್ಯಾರ್ಥಿಗಳಲ್ಲಿ ಇದರಿಂದಲೇ ಮರಳಿ ಶುರುಮಾಡಿದವರು ಹೆಚ್ಚು. ಎ3ಗಿಂತ ನಾಲ್ಕು ಬೆರಳು ದೊಡ್ಡದಾದ ಪ್ಲೈವುಡ್ ಹಲಗೆಗೆ ಕಾಗದವನ್ನು ನಾಲ್ಕೂ ಕಡೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ. ಚಿತ್ರ ಮುಗಿಯುವವರೆಗೆ ಅದನ್ನು ಬಿಚ್ಚುವ ಹಾಗಿಲ್ಲ. ಬೀರು ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಬೋರ್ಡು ನಿಲ್ಲುತ್ತದೆ. ಇನ್ನು ಅಂಚಿರುವ ಒಂದು ಟ್ರೇ, ಅದರೊಳಗೆ ಒಂದೇ ಮಾಧ್ಯಮದ ಸಾಮಾನು: ಆರು ಬಣ್ಣ, ಮೂರು ಬ್ರಷ್, ಪೆನ್ಸಿಲ್, ಒರೆಸುವ ಬಟ್ಟೆ, ಮುಚ್ಚಳದ ಡಬ್ಬದಲ್ಲಿ ನೀರು. ಆರು ಬಣ್ಣ ಸಾಕೇ ಎಂದು ಕೇಳುತ್ತೀರಿ. ಕೆಂಪು, ಹಳದಿ, ನೀಲಿಗಳಲ್ಲಿ ಬೆಚ್ಚನೆಯದೊಂದು ತಣ್ಣನೆಯದೊಂದು ಇದ್ದರೆ ನಿಮಗೆ ಬೇಕಾದ ಬಹುಪಾಲು ಮಿಶ್ರಣ ಅದರಲ್ಲೇ ಸಿಗುತ್ತದೆ. ಮೂವತ್ತಾರು ಬಣ್ಣದ ಪೆಟ್ಟಿಗೆ ಅಟ್ಟದ ಮೇಲೆಯೇ ಇರಲಿ. ಕೂರಬೇಕೆಂದಾಗ ಎರಡೇ ವಸ್ತು ಕೈಗೆ ಬರಬೇಕು, ಬೋರ್ಡು ಮತ್ತು ಟ್ರೇ. 24 ನಿಮಿಷ ಇದ್ದದ್ದು ಎರಡಕ್ಕೆ ಇಳಿಯುತ್ತದೆ.

ಅಂದಹಾಗೆ, ಚಿತ್ರಕಲೆಯ ಇತಿಹಾಸದಲ್ಲೂ ಈ ಹರವಿಡುವ ಹೊತ್ತಿಗೆ ಪಾತ್ರವಿದೆ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಬಣ್ಣಕ್ಕೆ ತವರದ ಟ್ಯೂಬು ಕಂಡುಹಿಡಿಯುವ ಮುಂಚೆ ಕಲಸಿದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಮೊಳೆಯಿಂದ ಚುಚ್ಚಿ ಹಿಂಡಿದರೆ ಮತ್ತೆ ಸರಿಯಾಗಿ ಮುಚ್ಚಲು ಬರುತ್ತಿರಲಿಲ್ಲ. ಟ್ಯೂಬು ಬಂದ ಮೇಲೆ ಚಿತ್ರಕಾರರು ಬಣ್ಣದ ಪೆಟ್ಟಿಗೆ ಹಿಡಿದು ಬಯಲಿಗೆ ಹೊರಟರು. ಒಂದು ಮುಚ್ಚಳ ಮಾಡಿದ ಕೆಲಸ ಅದು.

ಈಗ ಆಯಿಲ್ ವಿಷಯ. ಬೇಡ. ನಿಮ್ಮ ಮನೆಯಲ್ಲಿ, ಈ ಹೊತ್ತಿನಲ್ಲಿ, ಖಂಡಿತ ಬೇಡ. ಅಕ್ರಿಲಿಕ್ ಒಣಗುವುದು ನೀರು ಆರಿ, ತೆಳುವಾಗಿ ಹಚ್ಚಿದರೆ ಹತ್ತಿಪ್ಪತ್ತು ನಿಮಿಷದಲ್ಲಿ. ಆಯಿಲ್‌ನಲ್ಲಿರುವ ಅಗಸೆ ಎಣ್ಣೆ ಆರುವುದಿಲ್ಲ, ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದಷ್ಟಾಗಲು ಎರಡು ದಿನದಿಂದ ಎರಡು ವಾರ. ಅಷ್ಟು ದಿನ ಹಸಿ ಕ್ಯಾನ್ವಾಸನ್ನು ನಾಲ್ಕು ವರ್ಷದ ಮಗುವಿನ ಕೈಗೆ ಸಿಗದಂತೆ ಎಲ್ಲಿಡುತ್ತೀರಿ? ಆಯಿಲ್ ಬಣ್ಣ ತೆಳುವಾಗಿಸುವ ಟರ್ಪೆಂಟೈನ್‌ನ ಹಬೆ ಮಲಗುವ ಕೋಣೆಯಲ್ಲಿ ಕೂಡದು. ‘ವಾಸನೆ ಬಾರದ’ ತಿನ್ನರ್ ಎಂದು ಮಾರುತ್ತಾರಲ್ಲ, ಅದೂ ಆವಿಯಾಗುತ್ತದೆ. ಮೂಗಿಗೆ ಗೊತ್ತಾಗುವುದಿಲ್ಲ ಎನ್ನುವುದೇ ಅದರ ಅಪಾಯ. ಇನ್ನೊಂದು ಸಂಗತಿಯನ್ನು ಬಹಳ ಮಂದಿ ನಂಬುವುದಿಲ್ಲ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆಸೆದರೆ ಅದು ತನ್ನಷ್ಟಕ್ಕೆ ಹೊತ್ತಿಕೊಳ್ಳಬಹುದು. ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗಿನ ಶಾಖ ಹೊರಗೆ ಹೋಗಲಾರದು. ನನ್ನದೇ ಬುಟ್ಟಿಯ ಬಟ್ಟೆಯನ್ನು ಒಮ್ಮೆ ಎತ್ತಿದಾಗ ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗಾಯಿತು. ಅವತ್ತಿನಿಂದ ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ ಒಣಗಿಸುತ್ತೇನೆ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕುತ್ತೇನೆ.

ನಿಮ್ಮ ನಿಜವಾದ ಗೋಳು ಪ್ಯಾಲೆಟ್ ಮೇಲೆ ಅಕ್ರಿಲಿಕ್ ಒಣಗುವುದು. ಅದಕ್ಕೆ ಆಯಿಲ್ ಬೇಕಿಲ್ಲ, ಒಂದು ಡಬ್ಬಿ ಸಾಕು. ಗಾಳಿಯಾಡದಂತೆ ಮುಚ್ಚುವ, ಎರಡು ಬೆರಳು ಆಳದ ಅಗಲ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ನಾಲ್ಕಾರು ಪದರ ಟಿಶ್ಯೂ ಹಾಸಿ ನೀರಿನಲ್ಲಿ ನೆನೆಸಿ, ಡಬ್ಬಿ ಓರೆ ಮಾಡಿದರೆ ನೀರು ಹರಿಯಬಾರದು, ಅಷ್ಟೇ ತೇವ. ಅದರ ಮೇಲೆ ಬೇಕಿಂಗ್‌ಗೆ ಬಳಸುವ ಬಟರ್ ಪೇಪರನ್ನು ಅಳತೆಗೆ ಕತ್ತರಿಸಿ, ಅದನ್ನೂ ಒದ್ದೆ ಮಾಡಿ ಗುಳ್ಳೆ ಇಲ್ಲದಂತೆ ಒತ್ತಿ. ಬಣ್ಣ ಹಿಂಡುವುದು ಈ ಕಾಗದದ ಮೇಲೆ. ತೇವ ಕೆಳಗಿನಿಂದ ನಿಧಾನವಾಗಿ ಏರುತ್ತ ಬಣ್ಣವನ್ನು ಮೆತ್ತಗೆ ಇಡುತ್ತದೆ. ಮುಚ್ಚಳ ಹಾಕಿಟ್ಟರೆ ಸೋಮವಾರ ಕಲಸಿದ ಬೂದು ಬಣ್ಣ ಗುರುವಾರವೂ ಬಳಕೆಗೆ ಬರುತ್ತದೆ. ವಾರಕ್ಕೊಮ್ಮೆ ಟಿಶ್ಯೂ ಬದಲಾಯಿಸಿ, ಇಲ್ಲದಿದ್ದರೆ ವಾಸನೆ ಬರುತ್ತದೆ. ಬ್ರಷ್ ತೊಳೆದ ಅಕ್ರಿಲಿಕ್ ನೀರನ್ನು ಸಿಂಕಿಗೆ ಸುರಿಯಬೇಡಿ. ಅದರಲ್ಲಿರುವುದು ಪ್ಲಾಸ್ಟಿಕ್. ಡಬ್ಬದಲ್ಲಿ ತಂಗಲು ಬಿಟ್ಟು ಗಸಿಯನ್ನು ಒಣಗಿಸಿ ಕಸಕ್ಕೆ ಹಾಕಿ.

ಆದರೆ ಮಾಧ್ಯಮವನ್ನೇ ಒಮ್ಮೆ ಬೇರೆ ಕಣ್ಣಿನಿಂದ ನೋಡಿ ಎನ್ನುತ್ತೇನೆ. ಕಾಲೇಜಿನಲ್ಲಿ ಮಾಧ್ಯಮ ಆರಿಸಿದ್ದು ಮನಸ್ಸಿಗೆ ಒಪ್ಪಿದ್ದಕ್ಕೆ. ಮಕ್ಕಳಿರುವ ಮನೆಯಲ್ಲಿ ಕೇಳಬೇಕಾದ ಪ್ರಶ್ನೆ, ‘ಅಮ್ಮಾ’ ಎಂದು ಕೂಗು ಬಂದಾಗ ಇದನ್ನು ಯಾವ ಗಳಿಗೆಯಲ್ಲಿ ಬೇಕಾದರೂ ಬಿಟ್ಟೇಳಬಹುದೇ? ಜಲವರ್ಣದಲ್ಲಿ ಒದ್ದೆಯ ಮೇಲೆ ಒದ್ದೆ ಬಿಡುವ ಕ್ರಮಕ್ಕೆ ಹತ್ತಿಪ್ಪತ್ತು ನಿಮಿಷ ಕದಲುವ ಹಾಗಿಲ್ಲ. ಎದ್ದು ಬರುವಷ್ಟರಲ್ಲಿ ಅಂಚು ಕಟ್ಟಿ ಕಲೆ ನಿಂತಿರುತ್ತದೆ. ಅದೇ ಜಲವರ್ಣದಲ್ಲಿ ತೆಳು ಪದರದ ಮೇಲೆ ಒಣಗಿದ ಮೇಲೆ ಇನ್ನೊಂದು ತೆಳು ಪದರ ಎಳೆಯುವ ಕ್ರಮವೂ ಇದೆ. ಅಲ್ಲಿ ಪದರ ಹಾಕಲು ಐದು ನಿಮಿಷ, ಒಣಗಲು ಹದಿನೈದು. ಆ ಹದಿನೈದು ನಿಮಿಷದಲ್ಲಿ ಮಗಳ ಗೊಂಬೆಗೆ ಅಂಗಿ ತೊಡಿಸಿ ಬಂದರೆ ಚಿತ್ರಕ್ಕೆ ಒಳ್ಳೆಯದೇ ಆಯಿತು. ಗ್ವಾಶ್ (ಕೆಳಗಿನದನ್ನು ಮುಚ್ಚುವ ದಪ್ಪ ಜಲವರ್ಣ) ಒಣಗಿದರೂ ನೀರು ತಾಗಿದರೆ ಎದ್ದೇಳುತ್ತದೆ, ನಾಳೆ ಅದೇ ಬಟ್ಟಲಿನಿಂದ ಮುಂದುವರಿಸಬಹುದು. ಪೆನ್ನು, ಶಾಯಿ, ಪೆನ್ಸಿಲ್‌ಗೆ ಈ ತೊಂದರೆಯೇ ಇಲ್ಲ. ಸೀಮೆಸುಣ್ಣದಂಥ ಮೆದು ಪ್ಯಾಸ್ಟೆಲ್ ಬೇಡ, ಅದರ ದೂಳು ಮಲಗುವ ಕೋಣೆಗೆ ಸಲ್ಲದು.

ಈ ದೃಷ್ಟಿಯಿಂದ ಅಮೆರಿಕದ ಶಿಲ್ಪಿ ರೂತ್ ಅಸಾವಾ ನನಗೆ ತುಂಬ ಇಷ್ಟ. ಆರು ಮಕ್ಕಳ ತಾಯಿ. ತಂತಿಯನ್ನು ಕುಣಿಕೆ ಕುಣಿಕೆಯಾಗಿ ಹೆಣೆದು, ಗಾಳಿಯಲ್ಲಿ ತೂಗುವ ಶಿಲ್ಪಗಳನ್ನು ಮಕ್ಕಳ ನಡುವೆಯೇ ಮನೆಯಲ್ಲಿ ಮಾಡಿದಳು. ಹೆಣಿಗೆಯನ್ನು ಯಾವ ಕುಣಿಕೆಯಲ್ಲಿ ಬೇಕಾದರೂ ನಿಲ್ಲಿಸಬಹುದು, ಎತ್ತಿಕೊಂಡರೆ ಅಲ್ಲಿಂದಲೇ ಮುಂದಕ್ಕೆ. ಫ್ರಾನ್ಸಿನ ಚಿತ್ರಕಾರ ಆನ್ರಿ ಮಾತಿಸ್ ಕೂಡ 1941ರ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಈಸೆಲ್ ಮುಂದೆ ಹೊತ್ತುಗಟ್ಟಲೆ ನಿಲ್ಲಲಾರದೆ, ಗ್ವಾಶ್ ಬಳಿದ ಕಾಗದವನ್ನು ಹಾಸಿಗೆಯಲ್ಲಿ, ಗಾಲಿಕುರ್ಚಿಯಲ್ಲಿ ಕೂತು ಕತ್ತರಿಸತೊಡಗಿದ. ಸಹಾಯಕರು ಅವನ್ನು ಗೋಡೆಗೆ ಪಿನ್ನು ಚುಚ್ಚಿ ನಿಲ್ಲಿಸುತ್ತಿದ್ದರು. ಇದ್ದ ಸ್ಥಿತಿಗೆ ತಕ್ಕ ಮಾಧ್ಯಮ ಹುಡುಕಿಕೊಳ್ಳುವುದು ಸೋಲಲ್ಲ.

ಹೊತ್ತಿನ ಬಗ್ಗೆ. ನಿಮ್ಮ ರಾತ್ರಿಯ ಮುಕ್ಕಾಲು ಗಂಟೆಯಲ್ಲಿ ಬಣ್ಣ ಹಚ್ಚಬೇಡಿ. ಸುಸ್ತು ಒಂದು ಕಾರಣ, ದೀಪ ಇನ್ನೊಂದು. ನಿಮ್ಮ ಊಟದ ಕೋಣೆಯದ್ದು ಹಳದಿ ಬಲ್ಬು, ಸಾಮಾನ್ಯವಾಗಿ 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ). ಅದರ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ. ಹಾಗಾಗಿ ಬಿಳಿ ಕಾಗದದ ಮೇಲೆ ಹಳದಿ ಕಾಣುವುದೇ ಇಲ್ಲ, ನೀವು ಇನ್ನಷ್ಟು ಬಳಿಯುತ್ತೀರಿ. ನೀಲಿ ಮಂಕಾಗಿ ಕಂಡು ಅದನ್ನೂ ಏರಿಸುತ್ತೀರಿ. ಬೆಳಿಗ್ಗೆ ನೋಡಿದರೆ ಚಿತ್ರ ಕಿರುಚುತ್ತಿರುತ್ತದೆ. ‘ಕೈ ಹೋಗಿಬಿಟ್ಟಿದೆ’ ಎಂದು ಬರೆದಿದ್ದೀರಲ್ಲ, ಕೈಗೆ ಏನೂ ಆಗಿಲ್ಲ. ಮೇಜಿಗೆ 5000 ಕೆಲ್ವಿನ್ ಸುಮಾರಿನ, ಪೆಟ್ಟಿಗೆಯ ಮೇಲೆ ಸಿಆರ್‌ಐ (ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚು ಎಂದು ನಮೂದಾಗಿರುವ ದೀಪ ತನ್ನಿ. ಬಲಗೈಯವರಾದರೆ ಎಡಗಡೆ ಇಡಿ, ಕೈಯ ನೆರಳು ಗೆರೆಯ ಮೇಲೆ ಬೀಳಬಾರದು. ಸಣ್ಣ ದೀಪವನ್ನು ಹತ್ತಿರ ತಂದಷ್ಟೂ ಲಾಭ: ದೂರ ಅರ್ಧವಾದರೆ ಬೆಳಕು ಸುಮಾರು ನಾಲ್ಕು ಪಟ್ಟು. ಉತ್ತರದ ಕಿಟಕಿಯೇ ಬೇಕು ಎಂಬ ಮಾತಿಗೆ ಆಧಾರ ಇದೆ. ಭೂಮಧ್ಯರೇಖೆಯ ಉತ್ತರಕ್ಕೆ ಇರುವವರಿಗೆ ಆ ಕಿಟಕಿಯಿಂದ ನೇರ ಬಿಸಿಲು ಕಡಿಮೆ, ಬೆಳಕು ಹೊತ್ತಿನಿಂದ ಹೊತ್ತಿಗೆ ಅಷ್ಟಾಗಿ ಬದಲಾಗುವುದಿಲ್ಲ. ಆದರೆ ಯಾವ ಕಿಟಕಿಗಾದರೂ ತೆಳು ಬಿಳಿ ಪರದೆ ಕಟ್ಟಿದರೆ ಮುಕ್ಕಾಲು ಪಾಲು ಆ ಗುಣ ಬರುತ್ತದೆ.

ಹಾಗಾದರೆ ರಾತ್ರಿ ಏನು ಮಾಡುವುದು? ಚಿತ್ರ ಬರೆಯುವುದೆಂದರೆ ಬಣ್ಣ ಹಚ್ಚುವುದಷ್ಟೇ ಅಲ್ಲವಲ್ಲ. ಕಾಗದ ಅಂಟಿಸುವುದು, ಅಂಗೈಯಗಲ ಕರಡು ಗೀಚುವುದು, ಕಪ್ಪು ಬಿಳುಪಿನಲ್ಲಿ ನೆರಳು ಬೆಳಕು ಗೊತ್ತು ಮಾಡಿಕೊಳ್ಳುವುದು, ಟ್ರೇ ತುಂಬಿಸಿಡುವುದು, ಇವೆಲ್ಲ ದಣಿದ ಕಣ್ಣಿಗೂ ಆಗುವ ಕೆಲಸ. ಬಣ್ಣ ಬೆಳಗಿಗೆ. ಮಕ್ಕಳು ಏಳುವ ಮುಂಚಿನ ಇಪ್ಪತ್ತೈದು ನಿಮಿಷ, ವಾರಕ್ಕೆ ಮೂರು ದಿನ. ಮೇಜಿನಿಂದ ಏಳುವ ಮುನ್ನ ಒಂದು ಚೀಟಿಯ ಮೇಲೆ ಮುಂದಿನ ಹೆಜ್ಜೆ ಬರೆದು ಬೋರ್ಡಿಗೆ ಸಿಕ್ಕಿಸಿ. ‘ಮುಂದುವರಿಸುವುದು’ ಎಂದಲ್ಲ, ‘ಕುರ್ಚಿಯ ಎಡಗಾಲಿನ ನೆರಳು, ತಣ್ಣನೆಯ ನೀಲಿ’ ಎಂದು. ಒಂದು ಕೆಲಸದಿಂದ ಇನ್ನೊಂದಕ್ಕೆ ಜಿಗಿದಾಗ ಹಿಂದಿನದರ ಗುಂಗು ತಲೆಯಲ್ಲಿ ಉಳಿಯುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದರು. ಲೆಕ್ಕಪತ್ರದ ಕಾಲಂಗಳಿಂದ ಎದ್ದು ಬಂದವರಿಗೆ ಆ ಚೀಟಿ ಸುಲಭದ ಬಾಗಿಲು.

21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದಂತೆ, ನಾನು ಒಂಬತ್ತನೆಯ ದಿನ ತಪ್ಪಿಸಿದೆ, ಅಲ್ಲಿಗೆ ಮುಗಿಯಿತು ಎಂದೂ ಬರೆದಿದ್ದೀರಿ. ಈ 21ರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತು. ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನ ಹಿಡಿಯುತ್ತದೆ ಎಂದು ಆತ ಕಂಡಿದ್ದ. ‘ಕನಿಷ್ಠ’ ಎಂಬುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಣ್ಣ ರೂಢಿ ಮೈಗೂಡಲು 18ರಿಂದ 254 ದಿನದವರೆಗೆ ಬೇಕೆಂದು ಅಂದಾಜಾಯಿತು, ನಡುವಿನ ಅಂಕಿ 66. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಿರಲಿಲ್ಲ. ಒಂಬತ್ತನೆಯ ದಿನ ಮಗಳಿಗೆ ಜ್ವರ ಇತ್ತು ಎಂದು ನೀವೇ ಬರೆದಿದ್ದೀರಿ!

ಮನೆಯವರ ಮಾತಿಗೆ ಬರೋಣ, ಎಲ್ಲಕ್ಕಿಂತ ಕಷ್ಟದ್ದು ಅದೇ. ‘ಯಾರೂ ಬೇಡ ಅನ್ನುವುದಿಲ್ಲ.’ ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಯಾರೂ ಬೇಡ ಅನ್ನದ ಮನೆಯಲ್ಲಿ ನಿಮ್ಮ ಚಿತ್ರ ಯಾರ ಲೆಕ್ಕದಲ್ಲೂ ಇಲ್ಲ, ಅಷ್ಟೆ. ನೀವು ಸುಮ್ಮನೆ ಕೂತಿದ್ದೀರಿ ಎಂದೇ ಎಲ್ಲರೂ ತಿಳಿಯುತ್ತಾರೆ. ‘ನನಗೂ ಸ್ವಲ್ಪ ಸಮಯ ಕೊಡಿ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಏನೂ ಬದಲಾಗುವುದಿಲ್ಲ. ಕೇಳುವುದನ್ನು ದಿನ, ಹೊತ್ತು, ಕೆಲಸ ಹೇಳಿ ಕೇಳಿ. ‘ಅತ್ತೆ, ಮಂಗಳವಾರ, ಶುಕ್ರವಾರ ನಾಲ್ಕರಿಂದ ನಾಲ್ಕೂವರೆ ಬಾಗಿಲು ಬಡಿದರೆ ನೀವು ನೋಡ್ತೀರಾ?’ ಇದಕ್ಕೆ ಹೂಂ ಅಥವಾ ಊಹೂಂ, ಎರಡರಲ್ಲಿ ಒಂದು ಸಿಗುತ್ತದೆ. ಊಹೂಂ ಬಂದರೂ ಕೆಟ್ಟದ್ದಲ್ಲ, ಬೇರೆ ಹೊತ್ತು ಕೇಳಬಹುದು. ಯಜಮಾನರ ಪಾಳಿ ಬದಲಾದಾಗಲೆಲ್ಲ ಇದನ್ನೂ ಹೊಸದಾಗಿ ಮಾತಾಡಿಕೊಳ್ಳಬೇಕು. ಅವರು ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ವಾರ ಮಲಗುವ ಕೋಣೆಯ ಮೇಜು ನಿಮಗೆ ಸಿಗುವುದಿಲ್ಲ. ಆ ವಾರ ಬೋರ್ಡು ಮತ್ತು ಟ್ರೇ ಹೊರಗೆ ಬರಲಿ.

ಮಕ್ಕಳಿಗೆ ಮಾತಿಗಿಂತ ಗುರುತು ಚೆನ್ನಾಗಿ ನಾಟುತ್ತದೆ. ಮೇಜಿನ ದೀಪ ಉರಿಯುತ್ತಿದ್ದರೆ ಅಮ್ಮ ಕೆಲಸದಲ್ಲಿದ್ದಾಳೆ, ಆರಿದರೆ ಬರುತ್ತಾಳೆ. ಒಂಬತ್ತರ ಮಗ ಅರ್ಧ ಗಂಟೆ ಕಾಯಬಲ್ಲ. ನಾಲ್ಕರವಳಿಗೆ ಹತ್ತು ನಿಮಿಷವೇ ಹೆಚ್ಚು, ಅದಕ್ಕಿಂತ ನಿರೀಕ್ಷಿಸಿದರೆ ಇಬ್ಬರಿಗೂ ಅಳು. ದೀಪ ಹೇಳಿದ ಹೊತ್ತಿಗೆ ಆರಬೇಕು. ನೀವು ಎರಡು ಸಲ ಮಾತು ತಪ್ಪಿದರೆ ಆ ಗುರುತು ಸತ್ತ ಹಾಗೆ. ‘ಮಕ್ಕಳ ಜೊತೆಯಲ್ಲೇ ಕೂತು ಚಿತ್ರ ಬರೆಯಿರಿ, ಎರಡೂ ಆಯಿತು’ ಎನ್ನುವ ಸಲಹೆ ನಿಮಗೆ ಈಗಾಗಲೇ ಹತ್ತು ಜನ ಕೊಟ್ಟಿರುತ್ತಾರೆ. ಕೂರಿ, ಚೆಂದದ ಹೊತ್ತು ಅದು. ಆದರೆ ಅದು ಅವರ ಹೊತ್ತು, ನಿಮ್ಮ ಲೆಕ್ಕಕ್ಕೆ ಬರೆಯಬೇಡಿ. ಮಕ್ಕಳಿಗೆ ಅವರದೇ ಬಣ್ಣ, ಅವರದೇ ನೀರು ಇರಲಿ. ನಿಮ್ಮ ಕ್ಯಾಡ್ಮಿಯಂ ಕೆಂಪು, ಕೋಬಾಲ್ಟ್ ನೀಲಿಗಳು ಅವರ ಕೈಗೆ ಹೋಗಬಾರದು. ಬ್ರಷ್ಷಿನ ಮೊನೆಯನ್ನು ತುಟಿಯಲ್ಲಿ ಚೂಪು ಮಾಡುವ ಹಳೆಯ ಚಟ ನಿಮಗಿದ್ದರೆ ಅವರೆದುರು ಅದೂ ಬೇಡ. ಒಬ್ಬರೇ ಇದ್ದಾಗಲೂ ಬೇಡ.

ಬಾಡಿಗೆಗೆ ಸಿಗುವ ಹಂಚಿಕೆಯ ಸ್ಟುಡಿಯೊಗಳ ಬಗ್ಗೆ ಒಂದೇ ಮಾತು: ಹೋಗಿಬರುವ ಹೊತ್ತೂ ಹರವಿ ಎತ್ತಿಡುವ ಹೊತ್ತೇ. ನಡೆದು ಐದು ನಿಮಿಷದಲ್ಲಿ ತಲುಪುವುದಾದರೆ ಯೋಚಿಸಿ.

ಎಲ್ಲ ಕಟ್ಟಿಡುವುದೂ ತಪ್ಪಲ್ಲ. ಕೆಲವು ವರ್ಷಗಳು ಹಾಗೇ ಇರುತ್ತವೆ. ಐವತ್ತೈದಕ್ಕೆ ಮರಳಿ ಬಂದವರಿಗೂ ನಾನು ಕಲಿಸಿದ್ದೇನೆ. ಕೈ ಮೂರು ತಿಂಗಳಲ್ಲಿ ಹದಕ್ಕೆ ಬರುತ್ತದೆ. ಅವರಿಗೆ ಕಷ್ಟವಾಗುವುದು ತಾವು ಬರೆದ ಕೆಟ್ಟ ಚಿತ್ರವನ್ನು ಸಹಿಸುವುದು. ಬಿಟ್ಟಷ್ಟು ವರ್ಷವೂ ಮನಸ್ಸಿನೊಳಗಿನ ಚಿತ್ರ ಚೆಂದವಾಗುತ್ತಲೇ ಹೋಗಿರುತ್ತದೆ, ಕಾಗದದ ಮೇಲಿನದು ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ಕಟ್ಟಿಡುವುದಾದರೂ ಒಂದು ಎ5 ಸ್ಕೆಚ್‌ಬುಕ್, ಒಂದು ಪೆನ್ನು ಮಾತ್ರ ಕಣ್ಣಿಗೆ ಬೀಳುವಲ್ಲಿ ಇರಲಿ. ರವೀಂದ್ರನಾಥ ಠಾಕೂರರ ಚಿತ್ರಗಳ ಮೊದಲ ಪ್ರದರ್ಶನ 1930ರಲ್ಲಿ ಪ್ಯಾರಿಸ್‌ನಲ್ಲಿ ನಡೆದಾಗ ಅವರಿಗೆ 69ರ ಆಸುಪಾಸು. ‘ನೋಡಿ, ಎಷ್ಟು ತಡವಾದರೂ ಆಗುತ್ತದೆ’ ಎಂದು ಈ ಕಥೆ ಹೇಳುವವರು ಒಂದನ್ನು ಬಿಟ್ಟು ಹೇಳುತ್ತಾರೆ. ಆ ಚಿತ್ರಗಳು ಹುಟ್ಟಿದ್ದು ಹಸ್ತಪ್ರತಿಯಲ್ಲಿ ಅವರು ಹೊಡೆದುಹಾಕಿದ ಸಾಲುಗಳನ್ನು ಜೋಡಿಸುತ್ತ ಗೀಚಿದ ಆಕಾರಗಳಿಂದ. ಕಾಗದ ಮುಂದೆಯೇ ಇತ್ತು, ಪೆನ್ನು ಕೈಯಲ್ಲೇ ಇತ್ತು.

ಕೊನೆಗೆ ಆ ಕ್ಯಾನ್ವಾಸು. ಎಂಟು ವರ್ಷ ಹಳೆಯ ಅಕ್ರಿಲಿಕ್ ಮೇಲೆ ಮತ್ತೆ ಅಕ್ರಿಲಿಕ್ ಹಚ್ಚಲು ಯಾವ ಅಡ್ಡಿಯೂ ಇಲ್ಲ. ಮೆತ್ತನೆಯ ಒಣ ಬ್ರಷ್ಷಿನಿಂದ ದೂಳು ಹೊಡೆದು, ಹಿಂಡಿದ ಒದ್ದೆ ಬಟ್ಟೆಯಿಂದ ಹಗುರಾಗಿ ಒರೆಸಿ ಒಣಗಲು ಬಿಡಿ. ಅದರ ಮೇಲೆ ಎಂದಾದರೂ ಆಯಿಲ್ ಹಚ್ಚಿದರೆ ಮಾತ್ರ ಅಲ್ಲಿಂದ ಮುಂದೆ ಆಯಿಲ್ಲೇ. ಆಯಿಲ್ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ, ಏಳುತ್ತದೆ. ಬಟ್ಟೆ ಸಡಿಲಾಗಿದ್ದರೆ ಹಿಂದೆ ತಿರುಗಿಸಿ ನೋಡಿ, ಚೌಕಟ್ಟಿನ ಮೂಲೆಗಳಲ್ಲಿ ಚಿಕ್ಕ ಮರದ ಬೆಣೆಗಳಿರಬಹುದು. ಒಂದೊಂದನ್ನೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಎರಡೇ ಏಟು, ಮೂಲೆಯಿಂದ ಮೂಲೆಗೆ ಸಮನಾಗಿ, ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು ಬರುವವರೆಗೆ. ಅದನ್ನೇ ಮುಗಿಸಬೇಕೆಂದೇನೂ ಇಲ್ಲ. ಎಂಟು ವರ್ಷದ ಹಿಂದೆ ಅದನ್ನು ಶುರುಮಾಡಿದವರು ಈಗ ನೀವಲ್ಲ. ಬಿಳಿ ಬಳಿದು ಅದರ ಮೇಲೆ ಬೇರೆಯದೇ ಬರೆದರೂ ಸರಿ. ಸದ್ಯಕ್ಕೆ ಬೀರುವಿನ ಹಿಂದಿನಿಂದ ಹೊರಗೆ ತೆಗೆದು, ಮುಖ ಈಚೆ ಮಾಡಿ, ಹೊಸ ಮೇಜು ಬರುವ ಗೋಡೆಗೆ ಒರಗಿಸಿ. ಆ ಸಂದಿ ಬೋರ್ಡಿಗೆ ಬೇಕು.